ಹುಣಸೆಹಣ್ಣಿನಲ್ಲಿ ತೊಳೆದ ರಿವಾಲ್ವರ್

ಹರದನಹಳ್ಳಿಯ ಆ ಮನೆಯ ಪಡಸಾಲೆಯಲ್ಲಿ ಅಂದು ನಾವು ನಾಲ್ವರಿದ್ದೆವು. ಕಂಬಕ್ಕೆ ಒರಗಿ ಕಾಲು ಚಾಚಿ ಕೂತಿದ್ದವರು ಮನೆಯ ಹಿರಿಯರು. ಎಂಬತ್ತು ದಾಟಿದ ಅವರನ್ನು ಊರೆಲ್ಲ ದೊಡ್ಡವ್ವ ಎನ್ನುತ್ತದೆ, ನಾನೂ ಹಾಗೇ ಕರೆದೆ. ಅವರ ಮಗ ಬದನಗುಪ್ಪೆಯ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಅವತ್ತು ವಾರದ ರಜೆ ಎಂದು ಮನೆಯಲ್ಲಿದ್ದರು. ನನ್ನನ್ನು ಅಲ್ಲಿಗೆ ಕರೆತಂದವನು ತೆರಕಣಾಂಬಿಯ ನನ್ನ ಗೆಳೆಯ, ಪೊಲೀಸಿನಲ್ಲಿ ದಫೇದಾರನಾಗಿದ್ದು ನಿವೃತ್ತನಾದವನು. ಇನ್ನು ನಾನು. ಗುಂಡ್ಲುಪೇಟೆಯ ಬಸ್ ಡಿಪೋದಲ್ಲಿ ಮೂವತ್ತು ವರ್ಷ ಗ್ರೀಸು ಮೆತ್ತಿಕೊಂಡು, ಈಗ ಮನೆಯಲ್ಲಿ ಕೂತು ಹೆಂಡತಿಯಿಂದ ಬೈಸಿಕೊಳ್ಳುವ ಮೆಕ್ಯಾನಿಕ್.

ನಾವು ನಾಲ್ವರೂ ನೋಡುತ್ತಿದ್ದುದು ಒಂದೇ ಕಡೆಗೆ. ದೇವರ ಕೋಣೆಯ ಬಾಗಿಲ ಪಕ್ಕ ಗೋಡೆಯಲ್ಲೊಂದು ಗೂಡು. ಗೂಡಿನಲ್ಲಿ ಕೆಂಪು ಬಟ್ಟೆ ಹಾಸಿ, ಅದರ ಮೇಲೆ ಒಂದು ರಿವಾಲ್ವರ್ ಇಟ್ಟಿದ್ದರು. ರಿವಾಲ್ವರ್ ಎಂದು ನಾನು ಹೇಳಿದರೆ ನೀವು ನಂಬಬೇಕು ಅಷ್ಟೆ. ವಿಭೂತಿ ಬಳಿದು, ಅದರ ಮೇಲೆ ಎಣ್ಣೆ ಸವರಿ, ಮತ್ತೆ ವಿಭೂತಿ ಬಳಿದು, ಅದು ಗಟ್ಟಿಯಾಗಿ, ನೋಡುವವರ ಕಣ್ಣಿಗೆ ಒಂದು ಬಿಳಿಯ ಗೆಣಸು ಮಲಗಿದ ಹಾಗಿತ್ತು. ಆದರೆ ಹಿಡಿಯ ತುದಿಯಲ್ಲಿ ಒಂದು ಉಂಗುರ ನೇತಾಡುತ್ತಿತ್ತು. ಆ ಉಂಗುರ ಕಂಡೊಡನೆ ಗೊತ್ತಾಯಿತು. ಅದು ಕುದುರೆ ಸವಾರನ ರಿವಾಲ್ವರೇ. ಮೇಲಕ್ಕೇಳಲು ಮೊಣಕಾಲೂರಿದೆ.

"ಮುಟ್ಬ್ಯಾಡ ಕಣಪ್ಪ. ಅಲ್ಲೇ ನಿಂತ್ಕಂಡು ಕೈ ಮುಗಿ," ಅಂದರು ದೊಡ್ಡವ್ವ.

"ಮುಟ್ಟಲ್ಲ ದೊಡ್ಡವ್ವ. ಹಿಡಿಯ ಹಿಂಭಾಗದಲ್ಲಿ ಒಂದು ನಂಬರ್ ಇರ್ತದೆ. ಅದೊಂದು ನೋಡ್ಕಬುಟ್ರೆ ಸಾಕು."

"ದೇವ್ರಿಗೆಂತಾ ನಂಬ್ರ? ಅದೇನು ನಿಮ್ಮ ಡಿಪೋ ಬಸ್ಸಾ?"

ದಫೇದಾರ ಕಿಸಕ್ಕನೆ ನಕ್ಕ. ಮೊಣಕೈಯಿಂದ ಅವನಿಗೊಂದು ತಿವಿದೆ.

"ಆಯುಧ ಪೂಜೆ ದಿನ ಕೆಳಕ್ಕಿಳ್ಸಿ ತೊಳೀತೀನಿ. ಬಾಕಿ ದಿನ ನಾನೂ ಮುಟ್ಟಾಕಿಲ್ಲ. ಅವತ್ತು ಬಾ, ಕಣ್ತುಂಬ ನೋಡ್ವಂತೆ."

"ಆಯುಧ ಪೂಜೆ ಹೋದ ತಿಂಗಳೇ ಆಯ್ತಲ್ಲ ದೊಡ್ಡವ್ವ!"

"ಹೂಂ, ಆಯ್ತು. ಬರೋ ವರ್ಸ ಬಾ. ಅದೆಲ್ಲಿಗೋದದು?"

ಹನ್ನೊಂದು ತಿಂಗಳು! ಮಡಿಲಲ್ಲಿದ್ದ ಬಟ್ಟೆಚೀಲವನ್ನು ಹಿಚುಕುತ್ತಾ ಕೂತೆ. ಅವರ ಕಣ್ಣು ಅದರ ಮೇಲೆ ಬಿತ್ತು. ಏನದು ಎಂದು ಕೇಳಿದರು. ಸುಳ್ಳು ಹೇಳಿದ್ದರೆ ಚೆನ್ನಾಗಿತ್ತು.

"ರಿವಾಲ್ವರ್ ಇಡುವ ಒರೆ ದೊಡ್ಡವ್ವ. ಹಳೇದು. ಚರ್ಮದ್ದು."

"ಚರ್ಮ ತಂದು ದೇವರ ಮನೆ ಮುಂದ ಕೂತಿದ್ದೀಯಾ! ಎದ್ದೇಳು, ಎದ್ದೇಳು. ಜಗುಲಿಯಿಂದಾಚೆಗೆ ಮಡುಗ್ಬುಟ್ಟು ಕೈಕಾಲು ತೊಳ್ಕಂಡು ಬಾ."

ಹೋಗಿ ಸ್ಕೂಟರಿನ ಹ್ಯಾಂಡಲಿಗೆ ನೇತುಹಾಕಿ ಬಂದೆ. ಕಾಲು ತೊಳೆದು ಮತ್ತೆ ಕೂತಾಗ ದೊಡ್ಡವ್ವ ತಮ್ಮಷ್ಟಕ್ಕೆ ತಾವೇ ಎಂಬಂತೆ ಒಂದು ಮಾತಾಡಿದರು. "ನಮ್ಮಾವ್ನೋರು ಕುದ್ರೆ ಪಡೆಯಿಂದ ಬರೋವಾಗ ಇದಕ್ಕೂ ಒಂದು ಚರ್ಮದ ಚೀಲ ಇತ್ತಂತೆ ಕಣಪ್ಪ. ಮನೇಲಿ ಚರ್ಮ ಆಗಾಕಿಲ್ಲ ಅಂತ ನಮ್ಮತ್ತೆ ಗುಜ್ರಿಯವ್ನ ಕೈಗೆ ಎತ್ತಿ ಕೊಟ್ಬುಟ್ರಂತೆ."

ಎರಡು ವರ್ಷ ನನ್ನ ನೆಮ್ಮದಿ ಕೆಡಿಸಿದ್ದು ಈ ಮಾತು. ಏಕೆಂದರೆ ಸ್ಕೂಟರಿಗೆ ನೇತುಹಾಕಿ ಬಂದಿದ್ದ ಒರೆ ನನಗೆ ಸಿಕ್ಕಿದ್ದೂ ಗುಜರಿಯಲ್ಲೇ.

ನನ್ನ ಹುಚ್ಚಿನ ಮೂಲವನ್ನು ಇಲ್ಲಿ ಹೇಳಬೇಕು. ನನ್ನ ತಾತ ಮಹಾರಾಜರ ಕುದುರೆ ಪಡೆಯಲ್ಲಿ ಕುದುರೆಗೆ ಮಾಲೀಸು ಮಾಡುವ ಆಳು. ಸವಾರನಲ್ಲ, ಸವಾರನ ಕುದುರೆಯ ಬಾಲ ಬಾಚುವವನು. ಹುರುಳಿ ಬೇಯಿಸಿ ತಿನ್ನಿಸುವವನು. ನಾನು ಮಾತು ಕಲಿತದ್ದೇ ಅವನ ಬಾಯಿಂದ, ಅವನ ಜೊತೆ ಜಗುಲಿಯ ಮೇಲೆ ಎಲೆಅಡಿಕೆ ಹಾಕುತ್ತಿದ್ದ ಮುದುಕರ ಬಾಯಿಂದ. ಅವರಿಗೆ ಒಂದು ಕತೆ ಹೇಳಬೇಕಾದರೆ ಮೊದಲು ಕುದುರೆಯ ಬಣ್ಣ ಹೇಳಬೇಕು, ಆಮೇಲೆ ಅದರ ಕೊಬ್ಬು, ಆಮೇಲೆ ಮೇಲೆ ಕೂತವನ ಮಾತು. ತಾತ ತನ್ನ ಕೈಯಲ್ಲಿ ಎಂದೂ ಹಿಡಿಯದ ರಿವಾಲ್ವರನ್ನು ಗಾಳಿಯಲ್ಲಿ ಹಿಡಿದು ತೋರಿಸುತ್ತಿದ್ದ. "ಹಿಡಿ ತುದೀಲಿ ಉಂಗುರ, ಉಂಗುರಕ್ಕೆ ಹುರಿ, ಹುರಿ ಸವಾರನ ಕೊರಳಿಗೆ. ಕುದ್ರೆ ನಾಗಾಲೋಟದಲ್ಲಿದ್ದಾಗ ಕೈ ಜಾರಿದ್ರೂ ನೆಲಕ್ಕೆ ಬೀಳಂಗಿಲ್ಲ ಕಣ್ಲಾ. ಒಂದೊಂದು ರಿವಾಲ್ವರಿಗೂ ಒಂದೊಂದು ನಂಬ್ರ. ಅದರ ಒರೆಗೂ ಅದೇ ನಂಬ್ರ. ಅದಲುಬದಲಾದ್ರೆ ಸವಾರ ಇಡೀ ದಿನ ಬಿಸಿಲಲ್ಲಿ ನಿಲ್ಲೋನು."

ಈ ಮಾತು ಎಲ್ಲಿ ಹೋಗಿ ಕೂತಿತ್ತೋ, ಡಿಪೋದಲ್ಲಿ ಕೆಲಸಕ್ಕೆ ಸೇರಿ ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೆ ಹುಳದ ಹಾಗೆ ಎದ್ದಿತು. ಹಳೆಯ ಸವಾರರ ರಿವಾಲ್ವರುಗಳನ್ನು ಕೂಡಿಡಬೇಕು ಅನ್ನುವ ಆಸೆ. ಲೈಸೆನ್ಸ್ ಕೇಳಲು ಕಚೇರಿಗೆ ಹೋದರೆ ಅಲ್ಲಿನ ಗುಮಾಸ್ತರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮ ಹೊಲಕ್ಕೆ ಹಂದಿ ಬರ್ತದಾ? ಆನೆ ಬರ್ತದಾ?" ಎಂದರು. ನನಗೆ ಹೊಲವೇ ಇಲ್ಲ ಅಂದೆ. "ಮತ್ತೆ ಯಾರಿಗ್ರೀ ಹೊಡೀತೀರಿ?" ಅಂದರು. ಯಾರಿಗೂ ಹೊಡೆಯುವುದಿಲ್ಲ ಸ್ವಾಮಿ, ಒರೆಸಿ ಇಡುತ್ತೇನೆ ಅಂದದ್ದಕ್ಕೆ ಪಕ್ಕದ ಮೇಜಿನವರನ್ನೂ ಕರೆದು ನನ್ನನ್ನು ತೋರಿಸಿದರು. ಅಲ್ಲಿಗೆ ಮುಗಿಯಿತು.

ಅಂದಿನಿಂದ ನಾನು ರಿವಾಲ್ವರ್ ಒಂದನ್ನು ಬಿಟ್ಟು ಅದರ ಸುತ್ತಮುತ್ತಲಿನದನ್ನೆಲ್ಲ ಕೂಡಿಸಿದೆ. ಸವಾರ ಕಾಲಿಡುವ ರಿಕಾಪು ಒಂದು ಜೊತೆ. ತುಕ್ಕು ಹಿಡಿದ ಕಡಿವಾಣಗಳು. ನಳಿಗೆ ತಿಕ್ಕುವ ಕಡ್ಡಿ, ಎಣ್ಣೆಯ ತಗಡಿನ ಡಬ್ಬಿ, ನೂಲು ಬಿಚ್ಚಿಕೊಂಡ ಕೊರಳಹುರಿ. ಮನೆಯ ಅಟ್ಟದ ಮೇಲೆ ಒಂದು ಹಲಗೆ ಹೊಡೆದು ಎಲ್ಲವನ್ನೂ ಸಾಲಾಗಿಟ್ಟು, ನಡುವೆ ಒಂದು ಗೇಣು ಜಾಗ ಖಾಲಿ ಬಿಟ್ಟಿದ್ದೆ. ಹೆಂಡತಿ ಗುಡಿಸಲು ಬಂದಾಗಲೆಲ್ಲ ಆ ಜಾಗ ನೋಡಿ, "ಹೆಣ್ಣು ಗೊತ್ತಾಗ್ದೇ ಒಡವೆ ಮಾಡ್ಸಿಟ್ಟಂಗಾಯ್ತು ನಿಮ್ಮ ಮದ್ವೆ," ಎನ್ನುತ್ತಿದ್ದಳು. ಅವಳಿಗೆ ಉತ್ತರ ಕೊಟ್ಟು ಗೆದ್ದವನಲ್ಲ ನಾನು.

ಒರೆ ಸಿಕ್ಕಿದ್ದು ನಿವೃತ್ತನಾಗುವ ಹೊತ್ತಿಗೆ. ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಗೆ ಒಂದು ಗುಜರಿ ಅಂಗಡಿ, ಅದರ ಯಜಮಾನರು ವಯನಾಡಿನ ಕಡೆಯ ಕಾಕಾ. ಬಸ್ಸಿನ ಲೀಫ್ ಸ್ಪ್ರಿಂಗಿಗೆ ಬೋಲ್ಟು ಹುಡುಕಲು ಹೋದವನ ಕಣ್ಣಿಗೆ ಗೋಡೆಯ ಮೊಳೆಗೆ ತೂಗುಹಾಕಿದ ಚರ್ಮದ ಚೀಲವೊಂದು ಬಿತ್ತು. ಒಳಗೆ ಸ್ಪ್ಯಾನರು ತುರುಕಿದ್ದರು. ಮುಚ್ಚಳ ಎತ್ತಿ ನೋಡಿದೆ: ಒಳಮೈಯಲ್ಲಿ ಒತ್ತಿದ ಅಂಕಿ, ನಲವತ್ತೊಂದು.

"ಅದು ಕೊಡಲ್ಲ ಸಾರೇ. ನನ್ನ ಸ್ಪ್ಯಾನರ್ ಎಲ್ಲಿ ಇಡೋದು?" ಅಂದರು ಕಾಕಾ.

ಮರುದಿನ ನನ್ನ ಸ್ವಂತ ಕ್ಯಾನ್ವಾಸ್ ಚೀಲ, ಡಿಪೋದವರೆಲ್ಲ ಅಸೂಯೆಪಡುತ್ತಿದ್ದ ಎಂಟು ಜೇಬಿನದು, ಕೊಟ್ಟು ಒರೆ ತಂದೆ. ಈ ಚೀಲ ಎಲ್ಲಿಂದ ಬಂತು ಕಾಕಾ ಎಂದು ಕೇಳಿದ್ದಕ್ಕೆ, "ನಮ್ಮ ಬಾಪ್ಪ ಇರುವಾಗಲೇ ಇತ್ತು. ಚಾಮರಾಜನಗರ ಕಡೆ ಹಳ್ಳಿಯಿಂದ ಬಂದ ಸಾಮಾನು," ಎಂದು ತಮ್ಮ ತಂದೆಯ ಕಾಲಕ್ಕೆ ಒಯ್ದರು. ಇಷ್ಟೇ ನನ್ನ ಬಳಿ ಇದ್ದ ಸಾಕ್ಷಿ. ಚಾಮರಾಜನಗರದ ಪಕ್ಕದ ಹರದನಹಳ್ಳಿಯಲ್ಲಿ, ದಫೇದಾರ ತೋರಿಸಿದ ಆ ಗೂಡಿನ ರಿವಾಲ್ವರಿನ ಹಿಡಿಯ ಮೇಲೆ ನಲವತ್ತೊಂದು ಎಂದಿದ್ದರೆ ಒರೆಗೂ ರಿವಾಲ್ವರಿಗೂ ಜೋಡಿ ಕೂಡಿತು. ನನಗೆ ಅದನ್ನು ಕೊಂಡುಕೊಳ್ಳುವ ಆಸೆಯೂ ಇರಲಿಲ್ಲ. ಒಮ್ಮೆ ಒರೆಯಲ್ಲಿಟ್ಟು ನೋಡಿ ವಾಪಸು ಕೊಟ್ಟುಬಿಡುತ್ತಿದ್ದೆ. ತಾತನ ಮಾತು ನಿಜವೋ ಬಾಯಿಬಡಾಯಿಯೋ ನನಗೆ ತಿಳಿಯಬೇಕಿತ್ತು.

ಹನ್ನೊಂದು ತಿಂಗಳು ಸುಮ್ಮನೆ ಕೂರಲಾಗಲಿಲ್ಲ. ದೊಡ್ಡವ್ವನ ಮಗನಿಗೆ ಫೋನು ಮಾಡಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಕಳಿಸಿ ಅಂದೆ. ಕಳಿಸಿದರು. ಬಿಳಿ ಗೆಣಸು. ಇನ್ನೊಂದು ಕಡೆಯಿಂದ ತೆಗೆಯಿರಿ ಅಂದೆ. ಇನ್ನೊಂದು ಕಡೆಯಿಂದಲೂ ಬಿಳಿ ಗೆಣಸು. ಹಿಡಿಯ ಹಿಂದೆ ಸ್ವಲ್ಪ ಉಗುರಿನಲ್ಲಿ ಕೆರೆದು ನೋಡಿ ಎಂದು ಅಂಗಲಾಚಿದೆ.

"ಅಣ್ಣ, ಏನಾರಾ ಹೇಳಿ, ಅದೊಂದು ಹೇಳ್ಬ್ಯಾಡಿ. ಅವ್ವ ಒಲೆ ಮುಂದ ಕೂತಿದ್ರೂ ಕಣ್ಣು ಗೂಡಿನ ಮ್ಯಾಲೇ ಇರ್ತದೆ," ಅಂದರು.

ಸಂಕ್ರಾಂತಿಗೆ ಎಳ್ಳು ಬೀರುವ ನೆಪ ಮಾಡಿ ಹೋದೆ. ಶಿವರಾತ್ರಿಗೆ ಹೋದೆ. ಯುಗಾದಿಯ ಮಾರನೆಯ ದಿನ ಹೋದೆ. ಪ್ರತಿ ಸಲವೂ ದೊಡ್ಡವ್ವ ಹೊಟ್ಟೆ ತುಂಬ ಊಟ ಹಾಕಿದರು. ಒಬ್ಬಟ್ಟಿನ ಮೇಲೆ ತುಪ್ಪ ಸುರಿಯುವಾಗ ನನ್ನ ಕೈ ಅಡ್ಡ ಬಂದರೆ ಕೈ ಮೇಲೇ ಸುರಿದರು. ನಂಬರಿನ ಮಾತೆತ್ತಿದರೆ ಮಾತ್ರ, "ಆಯುಧ ಪೂಜೆಗೆ ಬಾ," ಅಷ್ಟೆ. ಇಷ್ಟು ಪ್ರೀತಿಯಾಗಿ ಯಾರೂ ನನಗೆ ಅಡ್ಡಗಾಲು ಹಾಕಿರಲಿಲ್ಲ. ಸಿಟ್ಟು ಬಂದರೂ ಆಡಿ ತೋರಿಸುವಂತಿಲ್ಲ, ಬಾಯಲ್ಲಿ ಒಬ್ಬಟ್ಟು ಇರುತ್ತಿತ್ತು.

ಅಂತೂ ಆಯುಧ ಪೂಜೆ ಬಂತು. ಬೆಳಿಗ್ಗೆ ಏಳಕ್ಕೇ ಹರದನಹಳ್ಳಿಯಲ್ಲಿದ್ದೆ. ಕೈಯಲ್ಲಿ ಭೂತಗನ್ನಡಿ, ಕಿಸೆಯಲ್ಲಿ ಟಾರ್ಚು. ಒರೆ ಎಂದಿನ ಹಾಗೆ ಸ್ಕೂಟರಿನ ಮೇಲೆ. ದಫೇದಾರನೂ ತಮಾಷೆ ನೋಡಲು ಬಂದಿದ್ದ. ಅಂಗಳದಲ್ಲಿ ಮಗ ತಮ್ಮ ಬೈಕು ತೊಳೆದು ಬಾಳೆಕಂದು ಕಟ್ಟುತ್ತಿದ್ದರು. ಕುಡುಗೋಲು, ಗುದ್ದಲಿ, ಈಳಿಗೆಮಣೆ ಎಲ್ಲ ಸಾಲಾಗಿ ಕೂತಿದ್ದವು.

ದೊಡ್ಡವ್ವ ಮಿಂದು, ಹಣೆಗೆ ವಿಭೂತಿ ಇಟ್ಟುಕೊಂಡು, ಗೂಡಿನಿಂದ ರಿವಾಲ್ವರನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹಿತ್ತಲಿಗೆ ಬಂದರು. ತೊಳೆಯುವ ಕಲ್ಲಿನ ಮೇಲೆ ಮಲಗಿಸಿದರು. ಪಕ್ಕದಲ್ಲಿ ಒಂದು ಬಟ್ಟಲು ನೆನೆಸಿದ ಹುಣಸೆಹಣ್ಣು, ಒಂದು ಕರಟದ ತುಂಬ ಇಟ್ಟಿಗೆ ಪುಡಿ, ತೆಂಗಿನ ನಾರು. ಬಿಸಿನೀರು ಹುಯ್ದಾಗ ವರ್ಷದ ವಿಭೂತಿ ಹಾಲಿನಂತೆ ಕರಗಿ ಹರಿಯಿತು. ಒಳಗಿಂದ ಕಬ್ಬಿಣ ಕಂಡಿತು. ಆರು ಗುಂಡಿನ ಮನೆಗಳ ಉರುಳೆ, ಉದ್ದ ನಳಿಗೆ, ಸವೆದ ಮರದ ಹಿಡಿ, ಅದರ ಬೆನ್ನಿಗೆ ಕಬ್ಬಿಣದ ಪಟ್ಟಿ.

ನಾನು ಹತ್ತಿರ ಬಗ್ಗುವ ಮೊದಲೇ ದೊಡ್ಡವ್ವ ನಾರಿಗೆ ಹುಣಸೆಹಣ್ಣು ಮೆತ್ತಿ, ಇಟ್ಟಿಗೆ ಪುಡಿಯಲ್ಲಿ ಅದ್ದಿ, ಹಿಡಿಯ ಹಿಂಬದಿಯನ್ನು ಗಸಗಸ ಉಜ್ಜತೊಡಗಿದರು. ಹಿತ್ತಾಳೆ ಚೊಂಬು ಉಜ್ಜುವ ಹಾಗೆ.

"ದೊಡ್ಡವ್ವಾ! ನಿಲ್ಸಿ, ನಿಲ್ಸಿ!"

"ಯಾಕಪ್ಪ, ಏನಾಯ್ತು?"

"ಪ್ರತಿ ವರ್ಷ ಹಿಂಗೇ ಉಜ್ತೀರಾ?"

"ಇನ್ನೆಂಗೆ? ನಾನು ಈ ಮನೆಗೆ ಬಂದು ಅರುವತ್ತು ವರ್ಸ ಆಯ್ತು. ಒಂದು ವರ್ಸಾನೂ ತಪ್ಪಿಲ್ಲ. ಅದಕ್ಕೂ ಮುಂಚೆ ನಮ್ಮತ್ತೆ ಉಜ್ಜೋರು. ಮೊದ್ಲು ಕರ್ರಗಿತ್ತಂತೆ ಕಣಪ್ಪ, ಎಮ್ಮೆ ಕೊಂಬಿನಂಗೆ. ಈಗ ನೋಡು, ಬೆಳ್ಳಿ ಮಾಡಿವ್ನಿ."

ನೋಡಿದೆ. ಭೂತಗನ್ನಡಿ ಹಿಡಿದು ನೋಡಿದೆ, ಟಾರ್ಚು ಓರೆಯಾಗಿ ಬಿಟ್ಟು ನೋಡಿದೆ. ಅಂಕಿ ಇರಬೇಕಾದ ಜಾಗ ಹೊಳೆಯ ಕಲ್ಲಿನಂತೆ ನುಣ್ಣಗಿತ್ತು. ಪಡೆಯ ಮುದ್ರೆ ಇಲ್ಲ, ಮಾಡಿದವರ ಗುರುತಿಲ್ಲ. ಎಡಕ್ಕೆ ಏನೂ ಇಲ್ಲ. ಬಲಕ್ಕೆ, ಕೂದಲೆಳೆಯಷ್ಟು, ಒಂದು ನೆಟ್ಟಗಿನ ಗೀರು. ನಲವತ್ತೊಂದರ ಒಂದೂ ಆಗಿರಬಹುದು, ಯಾವುದೋ ನಾಲ್ಕರ ಕಾಲೂ ಆಗಿರಬಹುದು. ನಾರಿನ ಗೀರೇ ಆಗಿದ್ದರೂ ಆಶ್ಚರ್ಯವಿಲ್ಲ.

ಸಿಟ್ಟು ಯಾರ ಮೇಲೆ ಮಾಡಲಿ? ಡಿಪೋದಲ್ಲಿ ನಾನೂ ಇದೇ ದಿನ ಸ್ಪ್ಯಾನರುಗಳಿಗೆ ಸೀಮೆಎಣ್ಣೆ ಸ್ನಾನ ಮಾಡಿಸಿ ಕುಂಕುಮ ಇಟ್ಟವನೇ. ಆದರೂ, ಹನ್ನೊಂದು ತಿಂಗಳು ಕಾದದ್ದು ಇದಕ್ಕೋ? ಪುರಿ ಕಡಲೆ ಕೊಟ್ಟರು, ಈಸಿಕೊಂಡೆ, ತಿನ್ನಲಿಲ್ಲ.

ವಾಪಸು ಬರುವ ದಾರಿಯಲ್ಲಿ ಚಾಮರಾಜನಗರದ ಬಸ್ ಸ್ಟ್ಯಾಂಡಿನ ಹತ್ತಿರ ಟೀ ಕುಡಿಯುವಾಗ ದಫೇದಾರ ನನ್ನನ್ನು ಸಮಾಧಾನ ಮಾಡಲೆಂದು ಏನೇನೋ ಹೇಳಿದ. ಅದರಲ್ಲಿ ಒಂದು ಮಾತು ಹೇಳಬಾರದಿತ್ತು.

"ಕದ್ದ ಬೈಕಿನ ಇಂಜಿನ್ ನಂಬರ ಉಜ್ಜಿಬುಟ್ಟಿರ್ತಾರೆ ಕಣ್ಲಾ. ಲ್ಯಾಬಿನೋರು ಅದಕ್ಕೆ ಎಂತದೋ ಆಸಿಡ್ ಬುಡ್ತಾರೆ. ಅಳಿಸಿದ ನಂಬರ ಎದ್ದು ಬತ್ತದೆ, ಸತ್ತೋನು ಎದ್ದು ಬಂದಂಗೆ."

ಟೀ ಲೋಟ ಕೆಳಗಿಟ್ಟೆ. "ಹಂಗಾದ್ರೆ ಒಂದು ಅರ್ಜಿ ಹಾಕಿದ್ರೆ? ಇದು ಪುರಾತನ ವಸ್ತು, ಕೆಲಸಕ್ಕೆ ಬಾರದ್ದು, ಪರೀಕ್ಷೆ ಮಾಡಿ ಪತ್ರ ಕೊಡಿ ಅಂತ? ಅವರಿಗೂ ಒಂದು ಕಾಗದ ಆಯ್ತು, ನನಗೂ ನಂಬರ್ ಸಿಕ್ತು."

"ಬ್ಯಾಡ ಕಣ್ಲಾ. ಅರುವತ್ತು ವರ್ಸದಿಂದ ಗೂಡಲ್ಲಿ ತಣ್ಣಗೆ ಮಲಗಿರೋದ ಯಾಕ ಎಬ್ಬಿಸ್ತೀಯ? ದೊಡ್ಡವ್ವನ ಮಾವ, ಆ ಮುದುಕಪ್ಪನ ಲೈಸೆನ್ಸ್ ಅವನ ಜೊತೆಗೇ ಹೋಯ್ತು. ಮ್ಯಾಲೆ ನಂಬರ ಬ್ಯಾರೆ ಉಜ್ಜೋಗದೆ. ನಂಬರ ಉಜ್ಜಿದ ಗನ್ನು ಅಂದ್ರೆ ಸ್ಟೇಷನ್ನಲ್ಲಿ ಏನರ್ಥ ಗೊತ್ತಾ? ಕಳ್ಳ ಗನ್ನು."

"ಹುಣಸೆಹಣ್ಣಿನಲ್ಲಿ ಉಜ್ಜಿದ್ದು ಅಂತ ಬರೆದರೆ?"

"ಬರಿ, ಬರಿ. ಹುಣಸೆಹಣ್ಣನ್ನೂ ಅರೆಸ್ಟ್ ಮಾಡ್ತಾರೆ."

ಅವನು ಹೇಳಿದ್ದು ಸರಿಯಿತ್ತು. ನಾನು ಕೇಳಲಿಲ್ಲ. ದೊಡ್ಡವ್ವನ ಮಗನ ಬಳಿ ಹೋಗಿ, ಕಾಗದ ಮಾಡಿಸಿಕೊಂಡರೆ ನಿಮಗೇ ಒಳ್ಳೆಯದು, ನಾಳೆ ಯಾರೂ ಕೇಳುವಂತಿಲ್ಲ ಎಂದು ನಾಲ್ಕು ಸಲ ಹೇಳಿದೆ. ಅವರಿಗೂ ಒಳಗೊಳಗೆ ಅಳುಕಿತ್ತು, ಒಪ್ಪಿದರು. ಅದು ಅವರ ಒಳ್ಳೆಯದಕ್ಕೆ ಎಂದು ನಾನೂ ನಂಬಿಕೊಂಡಿದ್ದೆ. ಆದರೆ ಅರ್ಜಿ ಬರೆಯಲು ಕೂತಾಗ ನನ್ನ ಕಣ್ಣ ಮುಂದೆ ಇದ್ದುದು ಆಸಿಡ್ಡಿನಿಂದ ಮೇಲೇಳುವ ಒಂದು ನಲವತ್ತೊಂದು. ತಾತನಿಂದ ಕಲಿತ ಭಾಷೆಯನ್ನೆಲ್ಲ ಸುರಿದು ಎರಡು ಪುಟ ಬರೆದೆ. ಕುದುರೆ ಪಡೆ, ಉಂಗುರ, ಹುರಿ, ಎಲ್ಲ ಬಂತು. ಕಚೇರಿಯವರು ಅಷ್ಟನ್ನೂ ಬಿಟ್ಟು ಒಂದೇ ಸಾಲಿನ ಕೆಳಗೆ ಗೆರೆ ಎಳೆದರು: ಸಂಖ್ಯೆ ಅಳಿಸಿಹೋಗಿರುತ್ತದೆ.

ಎಂಟನೆಯ ದಿನ ಠಾಣೆಯಿಂದ ಇಬ್ಬರು ಬಂದರು. ಒರಟಾಗಿ ನಡೆದುಕೊಂಡರು ಎಂದರೆ ನನ್ನ ನಾಲಗೆಗೆ ಹುಳ ಬೀಳಲಿ. ಚಪ್ಪಲಿ ಹೊರಗೆ ಬಿಟ್ಟು, ದೊಡ್ಡವ್ವ ಕೊಟ್ಟ ಮಜ್ಜಿಗೆ ಕುಡಿದು, ಮಹಜರು ಬರೆದು, ಗೂಡಿನಲ್ಲಿದ್ದುದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಒತ್ತಿದರು. ವಯಸ್ಸಾದವರು, ಪೂಜೆಯ ವಸ್ತು, ಕೇಸು ಮಾಡುವುದಿಲ್ಲ, ಪರೀಕ್ಷೆಯ ವರದಿ ಬರಲಿ ನೋಡೋಣ ಅಂದರು. ಅವರು ಮಾಡಬೇಕಾದ ಕೆಲಸವನ್ನೇ ಮಾಡಿದರು. ಮಾಡಬಾರದ್ದನ್ನು ಮಾಡಿದವನು ಜಗುಲಿಯ ಮೇಲೆ ತಲೆ ತಗ್ಗಿಸಿ ನಿಂತಿದ್ದೆ.

ಜೀಪು ಹೋದ ಮೇಲೆ ದೊಡ್ಡವ್ವ ಖಾಲಿ ಗೂಡನ್ನು ನೋಡುತ್ತಾ ಕೂತರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು.

"ನಿಂಗ ನಂಬ್ರ ಬೇಕಿತ್ತು, ನಂಗ ದೇವ್ರು ಬೇಕಿತ್ತು," ಅಂದರು. "ಊಟ ಮಾಡ್ಕಂಡು ಓಗು."

ಅವತ್ತು ಅಲ್ಲಿ ಊಟ ಮಾಡಲು ನನ್ನಿಂದಾಗಲಿಲ್ಲ.

ಆಮೇಲಿನದು ಬರೀ ಅಲೆದಾಟ. ಗುಂಡ್ಲುಪೇಟೆಯಿಂದ ಬೆಳಗಿನ ಬಸ್ಸು ಹಿಡಿದು ಚಾಮರಾಜನಗರಕ್ಕೆ ಹೋಗುವುದು, ಠಾಣೆಯಲ್ಲಿ ಬೆಂಚಿನ ತುದಿಗೆ ಕೂರುವುದು. ಪರೀಕ್ಷೆಗೆ ಕಳಿಸಿದ್ದೇವೆ ಅಂದರು. ಎಲ್ಲಿಗೆ ಎಂದರೆ ಮೇಲಕ್ಕೆ ಅಂದರು. ಮುಂದಿನ ತಿಂಗಳು ಹೋದರೆ, ಅಲ್ಲಿಂದ ಒಂದು ಪ್ರಶ್ನೆ ಬಂದಿದೆ ಅಂದರು. ಏನು ಪ್ರಶ್ನೆ? ಆಯುಧದ ಸಂಖ್ಯೆ ಏನು ಎಂದು ತಿಳಿಸಿ. ನಾನು ಅರ್ಜಿ ಹಾಕಿದ್ದೇ ಸಂಖ್ಯೆ ತಿಳಿಯಲಿ ಎಂದು. ಸಂಖ್ಯೆ ತಿಳಿಸಿದರೆ ಪರೀಕ್ಷೆ ಮಾಡುತ್ತಾರಂತೆ! ಅಲ್ಲೇ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಬದಲಿಗೆ ಇನ್ನೊಂದು ಅರ್ಜಿ ಬರೆದೆ. ಅಟ್ಟದ ಮೇಲಿನ ಹಲಗೆಯ ಕಡೆ ನೋಡುವುದನ್ನೇ ಬಿಟ್ಟೆ. ರಿಕಾಪುಗಳ ಮೇಲೆ ಧೂಳು ಕೂತಿತು. ಹೆಂಡತಿ ಕೂಡ ಮದುವೆಯ ಮಾತು ಆಡಿಕೊಳ್ಳುವುದನ್ನು ನಿಲ್ಲಿಸಿದಳು. ಅವಳು ಸುಮ್ಮನಾದದ್ದು ಇನ್ನೂ ಚುಚ್ಚಿತು.

ಹರದನಹಳ್ಳಿಗೆ ಹೋಗುವ ಮುಖವಿರಲಿಲ್ಲ. ಸಂಕ್ರಾಂತಿ ಹೋಯಿತು, ಯುಗಾದಿ ಹೋಯಿತು. ಮತ್ತೆ ಆಯುಧ ಪೂಜೆ ಬಂತು. ಹಿಂದಿನ ದಿನ ದೊಡ್ಡವ್ವನ ಮಗ ಫೋನು ಮಾಡಿದರು.

"ಅಣ್ಣ, ಅವ್ವ ನಾಳೆ ಠಾಣೆಗೆ ಹೋಗ್ಬೇಕಂತೆ. ಅದನ್ನ ತೊಳೀಬೇಕಂತೆ. ಎಷ್ಟು ಹೇಳಿದ್ರೂ ಕೇಳ್ತಿಲ್ಲ. ನೀವೂ ಬನ್ನಿ."

ಹೋದೆ. ಅಭ್ಯಾಸಬಲದಿಂದ ಒರೆಯ ಚೀಲವೂ ಕೈಯಲ್ಲಿತ್ತು. ಠಾಣೆಯಲ್ಲಿ ಜೀಪು ತೊಳೆದು ಮಾವಿನ ಸೊಪ್ಪು ಕಟ್ಟಿದ್ದರು, ಬಾಗಿಲಲ್ಲಿ ಬೂದುಗುಂಬಳ ಒಡೆದಿತ್ತು. ಒಳಗೆ ಮೇಜಿನ ಮೇಲೆ ಬಂದೂಕುಗಳು ಕುಂಕುಮ ಇಟ್ಟುಕೊಂಡು ಸಾಲಾಗಿ ಮಲಗಿದ್ದವು. ದೊಡ್ಡವ್ವ ಒಂದು ಬೆತ್ತದ ಬುಟ್ಟಿ ಹಿಡಿದು ಬೆಂಚಿನ ಮೇಲೆ ಕೂತಿದ್ದರು. ಬುಟ್ಟಿಯಲ್ಲಿ ಹುಣಸೆಹಣ್ಣು, ಇಟ್ಟಿಗೆ ಪುಡಿ, ನಾರು, ವಿಭೂತಿ ಗಟ್ಟಿ. ಅವರ ಕಣ್ಣು ಮೇಜಿನ ಮೇಲೆ ಈ ತುದಿಯಿಂದ ಆ ತುದಿಗೆ ಓಡಾಡುತ್ತಿತ್ತು.

ಎಸ್‌ಐ ಚಿಕ್ಕ ವಯಸ್ಸಿನ ಹೆಣ್ಣುಮಗಳು. ತಾನೇ ಎದ್ದು ಬಂದು ದೊಡ್ಡವ್ವನ ಮುಂದೆ ಬಗ್ಗಿ, "ಅಜ್ಜಿ, ನಿಮ್ಮದು ಇಲ್ಲಿಲ್ಲ. ಪರೀಕ್ಷೆಗೆ ಹೋಗಿರೋದು ಇನ್ನೂ ವಾಪಸ್ ಬಂದಿಲ್ಲ. ಬಂದ ದಿನವೇ ಹೇಳಿ ಕಳಿಸ್ತೀನಿ," ಅಂದಳು.

"ಆಗ್ಲಿ ಕಣವ್ವ. ಇವತ್ತು ಅದ್ನ ಯಾರು ತೊಳೀತಾರೆ?"

ಆ ಹುಡುಗಿ ನನ್ನ ಮುಖ ನೋಡಿದಳು. ನಾನು ದೊಡ್ಡವ್ವನ ಬುಟ್ಟಿ ಎತ್ತಿಕೊಂಡೆ.

ಹೊರಗೆ ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ದೊಡ್ಡವ್ವನನ್ನು ಕೂರಿಸಿದೆವು. ಮಗ ನೀರಿನ ಬಾಟಲಿ ಕೊಟ್ಟರು, ಅವರು ಕುಡಿಯಲಿಲ್ಲ. ನನ್ನ ಕಡೆ ಕೈ ಚಾಚಿದರು.

"ಎಲ್ಲಿ, ಆ ಚೀಲ ತಾ."

"ಚರ್ಮದ್ದು ದೊಡ್ಡವ್ವ."

"ಗೊತ್ತದ, ತಾ."

ಒರೆಯನ್ನು ತೆಗೆದು ಕೊಟ್ಟೆ. ತಿರುಗಿಸಿ ನೋಡಿದರು, ಮುಚ್ಚಳ ಎತ್ತಿ ಒಳಗೆ ಬೆರಳಾಡಿಸಿದರು. ಒತ್ತಿದ ಅಂಕಿಯ ಮೇಲೆ ಹೆಬ್ಬೆರಳು ನಿಂತಿತು.

"ನಮ್ಮಾವ್ನೋರ್ದಾ ಇದು?"

"ಗೊತ್ತಿಲ್ಲ ದೊಡ್ಡವ್ವ. ಅದನ್ನ ತಿಳ್ಕೊಳ್ಳೋಕೇ ಇಷ್ಟೆಲ್ಲ ಮಾಡಿದ್ದು."

"ಆಗಿದ್ರೂ ಆಗಿರ್ಬೋದಾ?"

"ಆಗಿರಬಹುದು."

"ಅಷ್ಟು ಸಾಕು ಬುಡು."

ವಿಭೂತಿ ಗಟ್ಟಿ ತೆಗೆದು, ಬಾಟಲಿಯ ನೀರಲ್ಲಿ ಬೆರಳದ್ದಿ, ಒರೆಯ ಮುಚ್ಚಳದ ಮೇಲೆ ಮೂರು ಬೆರಳಿನಲ್ಲಿ ಎಳೆದರು. ಆಮೇಲೆ ಅದನ್ನು ಬುಟ್ಟಿಯೊಳಗೆ ಇಟ್ಟುಕೊಂಡು ಸೆರಗು ಮುಚ್ಚಿದರು.

"ಅವ್ವ, ಚರ್ಮ ಕಣವ್ವ ಅದು. ಮನೆಯೊಳಕ್ಕ ತಕ್ಕೊಂಡೋಗ್ತೀಯಾ?" ಮಗ ಗಾಬರಿಯಾದರು.

"ಇವತ್ತಿನ ದಿನ ಗೂಡು ಬರಿದು ಮಡುಗಾಕಾಯ್ತದೇನ್ಲಾ? ಎದ್ದೇಳು, ಬಸ್ಸು ಓಯ್ತದೆ."

ಎಂಟು ಜೇಬಿನ ನನ್ನ ಚೀಲ ಕೊಟ್ಟು ತಂದ ಒರೆ, ನನ್ನ ಸಂಗ್ರಹದಲ್ಲೆಲ್ಲ ತೂಕದ್ದು, ಬುಟ್ಟಿಯಲ್ಲಿ ಹುಣಸೆಹಣ್ಣಿನ ಪಕ್ಕ ಕೂತು ಹೊರಟಿತ್ತು. ಬಸ್ ಸ್ಟ್ಯಾಂಡಿನವರೆಗೂ ಜೊತೆಯಲ್ಲಿ ನಡೆದೆ. ಅವರು ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಾಗ ಹೊರಗಿಂದ ಒಂದೇ ಮಾತು ಹೇಳಿದೆ.

"ದೊಡ್ಡವ್ವ, ಅದಕ್ಕೆ ಹುಣಸೆಹಣ್ಣು ಹಾಕಬೇಡಿ. ಇಟ್ಟಿಗೆ ಪುಡಿ ಮುಟ್ಟಿಸಲೇಬೇಡಿ. ಬರೀ ಕೊಬ್ಬರಿ ಎಣ್ಣೆ."

"ಆಗ್ಲಿ. ಬರೋ ವರ್ಸ ಬಂದು ನೀನೇ ಸವರು," ಅಂದರು.

ಮೂರು ದಿನ ಬಿಟ್ಟು ಮಗ ಒಂದು ಫೋಟೋ ಕಳಿಸಿದರು. ಗೂಡಿನಲ್ಲಿ ಕೆಂಪು ಬಟ್ಟೆ, ಅದರ ಮೇಲೆ ಒರೆ, ಪಕ್ಕದಲ್ಲೊಂದು ದಾಸವಾಳ. ಮುಚ್ಚಳ ಮೇಲೆತ್ತಿತ್ತು, ನಲವತ್ತೊಂದು ಸ್ಪಷ್ಟವಾಗಿ ಕಾಣುತ್ತಿತ್ತು.